ಒಂದೇ ಸೂರಿನಡಿ ಇಬ್ಬರು: ಕ್ಷಯ ಮತ್ತು ವಂಶವಾಹಿ

ಸಂಬಂಧ ಕುದುರುವ ಮೊದಲು ‘ಆ ಮನೆತನದಲ್ಲಿ ಕ್ಷಯ ಉಂಟೇ?’ ಎಂದು ಗುಟ್ಟಾಗಿ ವಿಚಾರಿಸುತ್ತಿದ್ದ ಹಿರಿಯರನ್ನು ಕಂಡು ನಾವು ನಕ್ಕಿದ್ದೇವೆ. 19ನೇ ಶತಮಾನದಲ್ಲಿ ಯುರೋಪಿನ ಎಷ್ಟೋ ವೈದ್ಯರ ನಂಬಿಕೆಯೂ ಅದೇ ಆಗಿತ್ತು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ರೋಗಾಣುವನ್ನು ತೋರಿಸಿಕೊಟ್ಟ ಮೇಲೆ ರಕ್ತಸಂಬಂಧದ ಮಾತು ಹಿಂದೆ ಸರಿಯಿತು. ಆದರೂ ಒಂದು ಗಂಟು ಬಿಡಿಸಲಾಗದೆ ಉಳಿಯಿತು. ಸೋಂಕು ತಗಲಿದವರಲ್ಲಿ ಜೀವಮಾನದಲ್ಲಿ ರೋಗ ಬೀಳುವವರು ಶೇ 5ರಿಂದ 10 ಮಂದಿ. ಅದೇ ಗಾಳಿ ಉಸಿರಾಡಿದ ಅಣ್ಣ ಹಾಸಿಗೆ ಹಿಡಿದಾಗ ತಮ್ಮ ಗಟ್ಟಿಮುಟ್ಟಾಗಿರುವುದೇಕೆ?

ಉತ್ತರದ ಸುಳಿವು ಒಂದು ಘೋರ ಪ್ರಮಾದದಲ್ಲಿ ಕಂಡಂತಾಯಿತು. 1930ರ ಸುಮಾರಿಗೆ ಜರ್ಮನಿಯ ಲ್ಯೂಬೆಕ್‌ನಲ್ಲಿ ಸುಮಾರು 250 ಹಸುಗೂಸುಗಳಿಗೆ ಕುಡಿಸಿದ ಕ್ಷಯ ತಡೆಯುವ ಬಿ.ಸಿ.ಜಿ. ಲಸಿಕೆಯಲ್ಲಿ ಉಗ್ರ ಕ್ಷಯಾಣು ಬೆರೆತಿತ್ತು. 70ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡವು, ಬಹುಪಾಲು ಮಕ್ಕಳು ಬದುಕಿದವು. ಮೈಗುಣದ ವ್ಯತ್ಯಾಸಕ್ಕೆ ಇದನ್ನೇ ದಶಕಗಳ ಕಾಲ ಸಾಕ್ಷಿಯಾಗಿ ಹೇಳಲಾಯಿತು. ಆದರೆ ಕುಡಿಸಿದ ಔಷಧದ ಎಲ್ಲ ತಂಡಗಳಲ್ಲೂ ವಿಷ ಒಂದೇ ಪ್ರಮಾಣದಲ್ಲಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

1943ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಕಾಲ್‌ಮನ್ ಅವಳಿಗಳನ್ನು ಲೆಕ್ಕ ಹಾಕಿದರು. ಒಬ್ಬರಿಗೆ ಕ್ಷಯ ಬಂದರೆ ತದ್ರೂಪಿ ಅವಳಿಯಲ್ಲಿ ಇನ್ನೊಬ್ಬರಿಗೂ ಬರುವುದು ಶೇ 87, ಸಾಮಾನ್ಯ ಅವಳಿಯಲ್ಲಿ ಶೇ 26. ಬ್ರಿಟನ್ನಿನ ಅವಳಿಗಳ ಅಂಕಿಅಂಶವನ್ನು 1978ರಲ್ಲಿ ಜಾರ್ಜ್ ಕಾಮ್‌ಸ್ಟಾಕ್ ಮತ್ತೆ ಜಾಲಿಸಿದಾಗ ಈ ಅಂತರ 32 ಮತ್ತು 14ಕ್ಕೆ ಕುಗ್ಗಿತು. ಕುಗ್ಗಿತೇ ಹೊರತು ಅಳಿಯಲಿಲ್ಲ.

ಆಮೇಲೆ ಸರದಿ ಇಲಿಗಳದು. ಬಿ.ಸಿ.ಜಿ. ಲಸಿಕೆಯ ಜೀವಾಣುವನ್ನು ತಡೆಯುವ ಒಂದು ವಂಶವಾಹಿಯನ್ನು ಮಾಂಟ್ರಿಯಲ್‌ನ ವಿಜ್ಞಾನಿಗಳು 1993ರಲ್ಲಿ ಹೆಕ್ಕಿ ತೆಗೆದರು. 1998ರಲ್ಲಿ ಗ್ಯಾಂಬಿಯದ ರೋಗಿಗಳಲ್ಲೂ ಅದರ ಛಾಯೆ ಕಂಡಿತು, ಆದರೆ ಪ್ರಭಾವ ಸಾಧಾರಣ.

ನಿಜವಾದ ಬಾಗಿಲು ತೆರೆದದ್ದು 1996ರಲ್ಲಿ, ಬೆರಳೆಣಿಕೆಯ ಮಕ್ಕಳಿಂದ. ಮಾಲ್ಟಾದ ಕೆಲವು ಮಕ್ಕಳು ಮತ್ತು ಟ್ಯುನೀಷಿಯದ ಒಂದು ಮಗು ಸಾಧು ಜೀವಾಣುಗಳಿಗೂ, ಬಿ.ಸಿ.ಜಿ.ಗೂ ಸೋತಿದ್ದವು. ಅವರ ದೇಹದಲ್ಲಿ ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶವನ್ನು ಕೇಳಿಸಿಕೊಳ್ಳುವ ಗ್ರಾಹಕವೇ ಕೆಟ್ಟಿತ್ತು. ರೋಗಾಣುವನ್ನು ನುಂಗಿದ ಭಕ್ಷಕ ಕೋಶಕ್ಕೆ ‘ಈಗ ಕೊಲ್ಲು’ ಎಂಬ ಕರೆ ಮುಟ್ಟದಿದ್ದರೆ ಅದು ಶತ್ರುವನ್ನು ಮಡಿಲಲ್ಲಿಟ್ಟು ಸಾಕಿದಂತೆ. ಮದ್ದಿನ ದಾರಿಯೂ ಇಲ್ಲೇ ಕವಲೊಡೆಯಿತು: ಕರೆ ಕಳಿಸುವ ಕಡೆ ದೋಷವಿದ್ದರೆ ಇಂಟರ್‌ಫೆರಾನ್ ಚುಚ್ಚಿದಾಗ ಫಲ ಸಿಗಬಹುದು, ಕಿವಿಯೇ ಇಲ್ಲದಿದ್ದರೆ ಎಷ್ಟು ಚುಚ್ಚಿದರೂ ವ್ಯರ್ಥ.

ಸಾವಿರಾರು ಜನರ ಇಡೀ ವಂಶವಾಹಿ ಸಮೂಹವನ್ನು ಜಾಲಾಡುವ ಅಧ್ಯಯನಗಳು 2010ರಿಂದ ಬಂದವು. ನನಗೆ ಅವು ನಿರಾಸೆ ತಂದವು. ಒಂದು ದೇಶದಲ್ಲಿ ಕಂಡದ್ದು ಬಹುಮಟ್ಟಿಗೆ ಇನ್ನೊಂದರಲ್ಲಿ ಕಾಣದು. ಕ್ಷಯಾಣುವಿನ ವಂಶಗಳೂ ಜನರ ವಂಶಗಳೂ ಊರೂರಿಗೆ ಬೇರೆಯಾದ್ದರಿಂದ ಇದರಲ್ಲಿ ಅಚ್ಚರಿಯೂ ಇಲ್ಲ.

ಇದಕ್ಕೆ ಅಪವಾದ ‘ಟಿವೈಕೆ2’ ಎಂಬ ವಂಶವಾಹಿ. ಇದರ ಒಂದು ದೋಷರೂಪ ತಂದೆತಾಯಿ ಇಬ್ಬರಿಂದಲೂ ಬಂದರೆ ಕ್ಷಯದ ಅಪಾಯ ಏರುತ್ತದೆ ಎಂದು 2018ರಲ್ಲಿ ತಿಳಿಯಿತು. ಯುರೋಪ್ ಮೂಲದ ಸುಮಾರು 600 ಜನರಲ್ಲಿ ಒಬ್ಬರಿಗೆ ಹೀಗಿದೆ. ಪುರಾತನ ಅಸ್ಥಿಗಳ ಡಿ.ಎನ್.ಎ. ಓದಿದಾಗ, ಕಳೆದ 2000 ವರ್ಷಗಳಲ್ಲಿ ಈ ರೂಪ ಅಲ್ಲಿ ಭಾರೀ ವೇಗದಲ್ಲಿ ತಗ್ಗಿರುವುದು ಕಂಡಿತು. ಕ್ಷಯವೇ ತನಗೆ ಸುಲಭದ ತುತ್ತಾದವರನ್ನು ಬಾಚಿಕೊಂಡಿತೆಂಬುದು ಸಂಶೋಧಕರ ಊಹೆ.

ವಂಶವಾಹಿಯ ಈ ಹುಡುಕಾಟದ ನಡುವೆ ಊಟದ ಪಾತ್ರವನ್ನು ಮರೆಯುವಂತಿಲ್ಲ: 2023ರಲ್ಲಿ ಮಂಗಳೂರಿನ ವೈದ್ಯ ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡ್‌ನಿಂದ ವರದಿ ತಂದಿತು. ರೋಗಿಗಳ ಮನೆಯವರಿಗೆ ತಲಾ ತಿಂಗಳಿಗೆ 5 ಕಿಲೊ ಅಕ್ಕಿ, 1.5 ಕಿಲೊ ಬೇಳೆ ಕೊಟ್ಟಾಗ ಅವರಲ್ಲಿ ಹೊಸ ಕ್ಷಯ ಸುಮಾರು ಶೇ 39 ಇಳಿದಿತ್ತು.