ಗಿರಣಿಯ ಒಡೆಯ, ಊರಿನ ಪಂಚ

ವಾಚಕರೇ, ಅಮೆರಿಕದ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ವಾಷಿಂಗ್ಟನ್, ಲಿಂಕನ್ ಮೊದಲಾದ ಮಹಾಪುರುಷರು. ಅವರಿಗಿಂತ ಎಷ್ಟೋ ಮೊದಲೇ ಊರ ಜನಕ್ಕೆ ಹಿಟ್ಟು ಬೀಸಿಕೊಡುತ್ತ ಊರಿನ ಭಾರವನ್ನೂ ಹೊತ್ತ ಎಡ್ವರ್ಡ್ ಕಾನ್ವರ್ಸನನ್ನು ಇಲ್ಲಿ ಪರಿಚಯ ಮಾಡಿಕೊಳ್ಳೋಣ.

1630ರಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸಿಗೆ ಬಂದಿಳಿದ ಪ್ಯೂರಿಟನ್ ಪಂಥದವರಲ್ಲಿ ಈತನೂ ಒಬ್ಬ. ಮರುವರ್ಷವೇ ಚಾರ್ಲ್ಸ್‌ಟೌನ್ ಮತ್ತು ಬಾಸ್ಟನ್‌ಗಳ ನಡುವೆ ದೋಣಿ ನಡೆಸುವ ಹೊಣೆ ಹೊತ್ತನು. ಒಬ್ಬನೇ ದಾಟಿದರೆ 2 ಪೆನ್ನಿ; ಇಬ್ಬರು ಅಥವಾ ಹೆಚ್ಚು ಜನರಿದ್ದರೆ ತಲೆಗೆ 1 ಪೆನ್ನಿ. 1640ರಲ್ಲಿ ವೂಬರ್ನ್ ಎಂಬ ಹೊಸ ಊರನ್ನು ನೆಲೆಗೊಳಿಸಲು ನೇಮಕವಾದ ಏಳು ಮಂದಿಯಲ್ಲಿ ಒಬ್ಬನಾಗಿ, ಅಬರ್ಜೋನಾ ಹೊಳೆಯ ಬಳಿ ಮನೆ ಕಟ್ಟಿ, ಊರಿನ ಮೊದಲ ಹಿಟ್ಟಿನ ಗಿರಣಿಯನ್ನು ಹೂಡಿದನು.

ಕಾಡು ಕಡಿದು ಬೆಳೆದ ಮುಸುಕಿನ ಜೋಳ ರೊಟ್ಟಿಯಾಗಬೇಕಾದರೆ ಗಿರಣಿ ಬೇಕೇ ಬೇಕು. ಆದಕಾರಣ ಗಿರಣಿಯವನ ಕೈಯಲ್ಲಿ ಊರಿನ ಅನ್ನವೇ ಇತ್ತೆನ್ನಬಹುದು. ಆ ವಸಾಹತಿನ 1648ರ ಕಾನೂನು ಇದನ್ನು ಚೆನ್ನಾಗಿ ಅರಿತಿತ್ತು. ಬೀಸುವ ಕೂಲಿ ಧಾನ್ಯದ 16ರಲ್ಲಿ 1 ಪಾಲನ್ನು ಮೀರಕೂಡದು; ಗಿರಣಿಯವನು ಸ್ವಂತ ಖರ್ಚಿನಿಂದ ತಕ್ಕಡಿ, ತೂಕದ ಕಲ್ಲುಗಳನ್ನಿಟ್ಟಿರಬೇಕು; ಕೇಳಿದವರಿಗೆ ಧಾನ್ಯವನ್ನು ತೂಗಿಕೊಡಬೇಕು.

1642ರಲ್ಲಿ ವೂಬರ್ನಿನ ಕ್ರೈಸ್ತ ಸಭೆ ಸ್ಥಾಪನೆಯಾದಾಗ ಕಾನ್ವರ್ಸನು ಅದರ ಡೀಕನ್ ಆದನು, ಅಂದರೆ ಸಭೆಯ ಲೌಕಿಕ ವ್ಯವಹಾರಗಳನ್ನು ನೋಡಿಕೊಳ್ಳುವ ಹಿರಿಯ. 1644ರಿಂದ ಊರಿನ ಆಡಳಿತ ಪಂಚರಲ್ಲಿ ಸೇರಿದನು. 1660ರಲ್ಲಿ ಜನರಲ್ ಕೋರ್ಟಿಗೆ ಊರಿನ ಪ್ರತಿನಿಧಿಯಾಗಿ ಹೋದನು. ಹೆಸರು ನ್ಯಾಯಾಲಯದಂತಿದ್ದರೂ ಅದು ವಸಾಹತಿನ ಶಾಸನಸಭೆ.

ಎಪ್ಪತ್ತು ದಾಟಿದ ಮೇಲೆ ಅವನಿಗೊಂದು ಪರೀಕ್ಷೆ ಒದಗಿತು. 1662ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಪತ್ರ ಬಂದಿತು. ಅದನ್ನು ಸಾರಲು ಊರಿನ ಕಾನ್‌ಸ್ಟೆಬಲ್ ಐಸಾಕ್ ಕೋಲ್ ಒಪ್ಪಲಿಲ್ಲವೆಂದೂ, ಅದು ಪೋಪನ ಮತದ ಕಡೆಗೆ ಎಳೆಯುವಂಥದೆಂದು ಕಾನ್ವರ್ಸನು ಹಗುರವಾಗಿ ಆಡಿದನೆಂದೂ ದೂರಾಯಿತು. ವಿಚಾರಣೆ ನಡೆದು ಇಬ್ಬರೂ ಪಾರಾದರು.

ದೊರೆಗೆ ಬೆದರದ ಧೈರ್ಯವೆಂದು ಇದನ್ನು ಹೊಗಳಬಹುದು. ಆದರೆ ಆ ಪತ್ರದಲ್ಲಿದ್ದುದೇನು? ಇಂಗ್ಲೆಂಡಿನ ಪ್ರಾರ್ಥನಾಗ್ರಂಥದಂತೆ ಪೂಜಿಸಬಯಸುವವರನ್ನು ತಡೆಯಬೇಡಿ, ಸಭೆಯ ಸದಸ್ಯರಿಗೆ ಮಾತ್ರವಿದ್ದ ಮತದ ಹಕ್ಕನ್ನು ಯೋಗ್ಯರಾದ ಇತರ ಭೂಮಿವಂತರಿಗೂ ಕೊಡಿ ಎಂಬ ಮಾತೂ ಇತ್ತು! ತನ್ನ ನಂಬಿಕೆಗಾಗಿ ಕಡಲು ದಾಟಿ ಬಂದವರೇ ಅನ್ಯರ ನಂಬಿಕೆಗೆ ಎಡೆ ಕೊಡಲು ಹಿಂಜರಿದಿದ್ದರು.

1663ರ ಆಗಸ್ಟಿನಲ್ಲಿ ಕಾನ್ವರ್ಸನು ತೀರಿಕೊಂಡನು. ಅವನ ಗಿರಣಿಯಿದ್ದ ಜಾಗ 1850ರಲ್ಲಿ ಬೇರೆಯಾದ ವಿಂಚೆಸ್ಟರ್ ಊರಿಗೆ ಸೇರಿದೆ. ಧಾನ್ಯ ತೂಗಲು ಕಾನೂನು ತಕ್ಕಡಿಯನ್ನು ಇಡಿಸಿತು. ತನ್ನ ಹಕ್ಕನ್ನೂ ನೆರೆಯವನ ಹಕ್ಕನ್ನೂ ಸಮನಾಗಿ ತೂಗುವ ತಕ್ಕಡಿಯನ್ನು ಮಾತ್ರ, ವಾಚಕರೇ, ಮನುಷ್ಯನು ತನ್ನ ಎದೆಯಲ್ಲಿ ತಾನೇ ಇಟ್ಟುಕೊಳ್ಳಬೇಕು.