ಕುಂಡಗಳಲ್ಲಿ ಸೇವಂತಿಗೆ: ಋತುಮಾನಕ್ಕನುಗುಣವಾಗಿ ಬೆಳೆಸುವಿಕೆ ಮತ್ತು ಆರೈಕೆ

ಪೀಠಿಕೆ

ಸೇವಂತಿಗೆಯು ಆಸ್ಟರೇಸಿ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಪುಷ್ಪ ಸಸ್ಯವಾಗಿದ್ದು, ಸಸ್ಯಶಾಸ್ತ್ರದಲ್ಲಿ ಇದನ್ನು ಕ್ರೈಸಾಂಥಿಮಮ್ ಮಾರಿಫೋಲಿಯಂ ಎಂದು ಕರೆಯಲಾಗುತ್ತದೆ. ಗ್ರೀಕ್ ಮೂಲದ ಈ ಹೆಸರಿಗೆ ಚಿನ್ನದ ಹೂ ಎಂಬ ಅರ್ಥವಿದೆ. ಕೆಲವು ಪುಸ್ತಕಗಳಲ್ಲಿ ಡೆಂಡ್ರಾಂತಿಮ ಎಂಬ ಹೆಸರಿನಿಂದಲೂ ಈ ಸಸ್ಯವನ್ನು ನಮೂದಿಸಲಾಗಿದೆ. ಇದರ ತವರು ಚೀನಾ ದೇಶ. ಕರ್ನಾಟಕದಲ್ಲಿ ಮಾರು ಲೆಕ್ಕದಲ್ಲಿ ಮಾರಾಟವಾಗುವ ಹಾರದ ಸೇವಂತಿಗೆಯು ಪ್ರತಿ ಮನೆಗೂ ಪರಿಚಿತ. ಕುಂಡಗಳಲ್ಲಿ ಬೆಳೆಸುವ ಸೇವಂತಿಗೆಯು ಅದೇ ಜಾತಿಗೆ ಸೇರಿದ್ದರೂ ತಳಿ ಮತ್ತು ಆರೈಕೆಯ ಕ್ರಮಗಳಲ್ಲಿ ಭಿನ್ನವಾಗಿರುತ್ತದೆ.

ಅಕ್ಟೋಬರ್‌ನಿಂದ ಜನವರಿಯವರೆಗೆ ಹೂ ತುಂಬಿದ ಕುಂಡಗಳನ್ನು ಖರೀದಿಸುವ ಸಾರ್ವಜನಿಕರಲ್ಲಿ ಹೆಚ್ಚಿನವರು ಹೂ ಒಣಗಿದ ಕೂಡಲೇ ಗಿಡವನ್ನು ಕಿತ್ತೆಸೆಯುತ್ತಾರೆ. ಉಳಿಸಿಕೊಂಡವರಲ್ಲಿಯೂ ಅನೇಕರ ಗಿಡಗಳು ಮರುವರ್ಷ ಎಲೆ ಮಾತ್ರ ಬಿಟ್ಟು ಹೂ ಬಿಡುವುದಿಲ್ಲ. ಹೂ ಒಣಗಿದ ಸೇವಂತಿಗೆಯು ಸತ್ತ ಗಿಡವಲ್ಲ. ಅದರ ಬುಡದಲ್ಲಿ ಮುಂದಿನ ವರ್ಷದ ಗಿಡಗಳು ಆಗಲೇ ಮೂಡಲಾರಂಭಿಸಿರುತ್ತವೆ. ಹಾಗೆಯೇ, ಹೂ ಬಿಡದಿರುವುದಕ್ಕೆ ಗೊಬ್ಬರದ ಕೊರತೆ ಕಾರಣವಾಗಿರುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ಕಾರಣವು ಕುಂಡವಿರುವ ಸ್ಥಳದ ರಾತ್ರಿಯ ಬೆಳಕಾಗಿರುತ್ತದೆ.

ಹೂ ಬಿಡುವಿಕೆ ಮತ್ತು ರಾತ್ರಿಯ ಕತ್ತಲೆ

ಸೇವಂತಿಗೆಯು ಅಲ್ಪ ಹಗಲಿನ ಸಸ್ಯ. ಹಗಲು ಕಿರಿದಾಗಿ ರಾತ್ರಿ ದೀರ್ಘವಾದಾಗ ಮಾತ್ರ ಇದರ ತುದಿಗಳಲ್ಲಿ ಮೊಗ್ಗು ಮೂಡುತ್ತದೆ. ಹಗಲಿನ ಅವಧಿಗೂ ಹೂ ಬಿಡುವುದಕ್ಕೂ ಇರುವ ಈ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ತಂಬಾಕು ಮತ್ತು ಸೋಯಾ ಅವರೆ ಗಿಡಗಳ ಮೇಲೆ ಪ್ರಯೋಗ ನಡೆಸಿ 1920ರಲ್ಲಿ ಪ್ರಕಟಿಸಿದರು. ಗಿಡವು ಲೆಕ್ಕವಿಡುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂಬುದು ನಂತರದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ದೀರ್ಘ ರಾತ್ರಿಯ ನಡುವೆ ಕೆಲಕಾಲ ದೀಪ ಬೆಳಗಿಸಿದರೂ ಗಿಡವು ಆ ಒಂದು ರಾತ್ರಿಯನ್ನು ಎರಡು ಸಣ್ಣ ರಾತ್ರಿಗಳೆಂದೇ ಪರಿಗಣಿಸುತ್ತದೆ. ಹಸಿರುಮನೆಗಳ ಬೆಳೆಗಾರರು ಇದೇ ತತ್ವವನ್ನು ಬಳಸಿ, ನಾಟಿಯ ನಂತರದ ಕೆಲವು ವಾರ ರಾತ್ರಿ ದೀಪವಿರಿಸಿ ಗಿಡವನ್ನು ಎತ್ತರಕ್ಕೆ ಬೆಳೆಸಿಕೊಂಡು, ಬಳಿಕ ದೀಪ ಆರಿಸಿ ಹೂ ಪಡೆಯುತ್ತಾರೆ.

ಬೆಳೆಗಾರರು ಉದ್ದೇಶಪೂರ್ವಕವಾಗಿ ಮಾಡುವುದನ್ನೇ ನಗರವಾಸಿಗಳು ತಿಳಿಯದೆ ಮಾಡುತ್ತಿರುತ್ತಾರೆ. ರಾತ್ರಿಯಿಡೀ ಉರಿಯುವ ಬೀದಿದೀಪದ ಕೆಳಗಿನ ಕಾಂಪೌಂಡು, ವರಾಂಡದ ದೀಪ, ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿಯ ಬೆಳಕು ಇವೆಲ್ಲವೂ ಮೊಗ್ಗು ಮೂಡುವುದನ್ನು ತಡೆಯಬಲ್ಲವು. ಒಂದೇ ಗಿಡದಲ್ಲಿ ದೀಪದ ಕಡೆಯ ಕೊಂಬೆಗಳು ಹಸಿರಾಗಿಯೇ ಉಳಿದು, ಮರೆಯ ಕಡೆಯ ಕೊಂಬೆಗಳು ಮೊಗ್ಗಾಗುವುದೂ ಉಂಟು. ಆಗಸ್ಟ್ ಕೊನೆಯಿಂದ ಮೊಗ್ಗುಗಳಿಗೆ ಬಣ್ಣ ಬರುವವರೆಗೆ ಕುಂಡವನ್ನು ಸಂಜೆಯಿಂದ ಬೆಳಗಿನವರೆಗೆ ಕತ್ತಲಿರುವ ಸ್ಥಳದಲ್ಲಿ ಇರಿಸತಕ್ಕದ್ದು. ತಾರಸಿಯ ಮೂಲೆ ಅಥವಾ ಮನೆಯ ಹಿಂಬದಿ ಇದಕ್ಕೆ ಸೂಕ್ತ. ಬೇರೆ ಸ್ಥಳವಿಲ್ಲದವರು ದೀಪದ ಕಡೆಗೆ ಹಲಗೆ ಅಥವಾ ದಪ್ಪ ಬಟ್ಟೆಯ ಮರೆ ಕಟ್ಟಬಹುದು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕಾಗುತ್ತದೆ. ಸೇವಂತಿಗೆಯ ಬಗ್ಗೆ ಲಭ್ಯವಿರುವ ಹಲವು ಕೈಪಿಡಿಗಳು ಉತ್ತರ ಭಾರತದ ಹವಾಮಾನವನ್ನು ಆಧರಿಸಿ ಬರೆಯಲ್ಪಟ್ಟಿವೆ. ದೆಹಲಿಯಲ್ಲಿ ಜೂನ್ ತಿಂಗಳ ಹಗಲು ಸುಮಾರು 14 ಗಂಟೆಗಳಷ್ಟಿದ್ದರೆ, ಬೆಂಗಳೂರಿನಲ್ಲಿ ಅತಿ ದೀರ್ಘವಾದ ಹಗಲು ಸಹ 13 ಗಂಟೆಗಳನ್ನು ದಾಟುವುದಿಲ್ಲ. ಡಿಸೆಂಬರ್‌ನಲ್ಲಿ ಇದು ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಆದುದರಿಂದ ನಮ್ಮ ರಾಜ್ಯದಲ್ಲಿ ಕೆಲವು ತಳಿಗಳು ಮಳೆಗಾಲದಲ್ಲಿಯೇ, ಗಿಡವು ಗೇಣುದ್ದವಿರುವಾಗಲೇ ಮೊಗ್ಗು ತಾಳುತ್ತವೆ. ಇದು ರೋಗವಲ್ಲ. ಅಂತಹ ಅಕಾಲಿಕ ಮೊಗ್ಗುಗಳನ್ನು ತುದಿಯ ಸಮೇತ ಚಿವುಟಿ ತೆಗೆದು ಗಿಡವು ಬೆಳೆಯಲು ಅವಕಾಶ ನೀಡಬೇಕು.

ಹೂ ಮುಗಿದ ನಂತರದ ಕ್ರಮಗಳು

ಜನವರಿ ಅಥವಾ ಫೆಬ್ರವರಿಯಲ್ಲಿ ಹೂಗಳು ಪೂರ್ಣವಾಗಿ ಬಾಡಿದ ಮೇಲೆ ಕಾಂಡಗಳನ್ನು ಮಣ್ಣಿನಿಂದ ನಾಲ್ಕರಿಂದ ಆರು ಅಂಗುಲ ಬಿಟ್ಟು ಕತ್ತರಿಸಬೇಕು. ಕುಂಡವನ್ನು ಬಿಸಿಲಿರುವಲ್ಲಿಟ್ಟು ಹಿತಮಿತವಾಗಿ ನೀರುಣಿಸಿದಲ್ಲಿ, ಕೆಲವು ವಾರಗಳಲ್ಲಿ ಬುಡದ ಸುತ್ತಲೂ ಎಳೆಯ ಕಂದುಗಳು ಏಳುತ್ತವೆ. ಮುಂದಿನ ವರ್ಷದ ಹೂವಿಗೆ ಈ ಕಂದುಗಳೇ ಆಧಾರ. ಹಳೆಯ ಬುಡವನ್ನೇ ಮತ್ತೆ ಬೆಳೆಸಲು ಯತ್ನಿಸುವುದರಿಂದ ಸಣಕಲು ಕಾಂಡ ಮತ್ತು ಸಣ್ಣ ಹೂಗಳು ಮಾತ್ರ ದೊರೆಯುತ್ತವೆ. ನಾಲ್ಕಾರು ಎಲೆ ಬಂದ ಕಂದುಗಳನ್ನು ಬೇರು ಸಹಿತ ಬಿಡಿಸಿ ಸಣ್ಣ ಕುಂಡಗಳಲ್ಲಿ ಒಂದೊಂದಾಗಿ ನೆಡಬೇಕು. ಆಯಾ ತಳಿಯ ಹೆಸರು ಅಥವಾ ಹೂವಿನ ಬಣ್ಣವನ್ನು ಬರೆದ ಚೀಟಿಯನ್ನು ಕುಂಡಕ್ಕೆ ಕಟ್ಟುವುದು ಉತ್ತಮ. ಎಲೆಯನ್ನು ನೋಡಿ ಬಣ್ಣವನ್ನು ಹೇಳುವುದು ಅನುಭವಿಗಳಿಗೂ ಕಷ್ಟ.

ಮಾರಾಟಕ್ಕೆ ಬರುವ ಕುಂಡಗಳಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಸಸಿಗಳನ್ನು ಒಟ್ಟಿಗೆ ನೆಟ್ಟಿರುತ್ತಾರೆ. ಗಿಡವು ಗಿಡ್ಡವಾಗಿರಲೆಂದು ಬೆಳವಣಿಗೆ ನಿಯಂತ್ರಕಗಳನ್ನು ಸಿಂಪಡಿಸಿರುವುದೂ ಸಾಮಾನ್ಯ. ಮನೆಯಲ್ಲಿ ಮರುವರ್ಷ ಬೆಳೆದ ಗಿಡವು ಎತ್ತರವಾಗಿ, ಸಡಿಲವಾಗಿ ಬೆಳೆದರೆ ಆರೈಕೆಯಲ್ಲಿ ದೋಷವಾಗಿದೆಯೆಂದು ಭಾವಿಸಬೇಕಾಗಿಲ್ಲ.

ಬೇಸಿಗೆ ಮತ್ತು ಮುಂಗಾರು

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಂದುಗಳನ್ನು ಉಳಿಸಿಕೊಳ್ಳುವುದಷ್ಟೇ ಕೆಲಸ. ಬೆಂಗಳೂರು, ಮೈಸೂರು ಭಾಗಗಳಲ್ಲಿ ಮಧ್ಯಾಹ್ನದ ನಂತರ ನೆರಳಿದ್ದರೆ ಸಾಕಾಗುತ್ತದೆ. ಕಲಬುರಗಿ, ರಾಯಚೂರಿನಂತಹ ಬಿಸಿಲಿನ ಜಿಲ್ಲೆಗಳಲ್ಲಿ ನೆರಳುಪರದೆ ಅತ್ಯವಶ್ಯ.

ಜೂನ್‌ನಲ್ಲಿ ವಾತಾವರಣ ತಂಪಾದಾಗ ತಾಯಿಗಿಡದ ಆರೋಗ್ಯವಂತ ತುದಿಗಳಿಂದ 5ರಿಂದ 7 ಸೆಂಟಿಮೀಟರ್ ಉದ್ದದ ತುಂಡುಗಳನ್ನು ತೆಗೆದು ಹೊಸ ಗಿಡಗಳನ್ನು ಮಾಡಿಕೊಳ್ಳಬಹುದು. ಕೆಳಗಿನ ಎಲೆಗಳನ್ನು ತೆಗೆದು, ತುಂಡಿನ ಮೂರನೇ ಒಂದು ಭಾಗ ಮುಳುಗುವಂತೆ ತೊಳೆದ ಮರಳಿನಲ್ಲಿ ಊರಿ ನೆರಳಿನಲ್ಲಿಟ್ಟರೆ, ಎರಡರಿಂದ ಮೂರು ವಾರಗಳಲ್ಲಿ ಬೇರು ಬರುತ್ತದೆ. ಬೇರು ಪ್ರಚೋದಕ ಪುಡಿಯ ಬಳಕೆ ಅನುಕೂಲಕರ, ಆದರೆ ಕಡ್ಡಾಯವಲ್ಲ. ಮೊಗ್ಗು ಮೂಡಿದ ತುದಿಗಳನ್ನು ಮಾತ್ರ ಬಳಸಬಾರದು.

ಕುಂಡದ ಮಿಶ್ರಣಕ್ಕೆ ಕೆಂಪು ಮಣ್ಣು, ಮರಳು ಹಾಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಬೇಕು. ಬೇರು ಬಂದ ಸಸಿಯನ್ನು ನೇರವಾಗಿ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಣ್ಣು ಸದಾ ತೇವವಾಗಿದ್ದು ಕೊಳೆ ರೋಗ ತಗಲುತ್ತದೆ. ಆದ್ದರಿಂದ ಮೊದಲು ನಾಲ್ಕು ಅಂಗುಲದ ಕುಂಡ, ಅಂತಿಮವಾಗಿ ಜುಲೈ ಕೊನೆಯಲ್ಲಿ ಅಥವಾ ಆಗಸ್ಟ್‌ನಲ್ಲಿ ಎಂಟರಿಂದ ಹತ್ತು ಅಂಗುಲದ ಕುಂಡ ಎಂಬ ಕ್ರಮವನ್ನು ಅನುಸರಿಸಬೇಕು.

ಮಳೆಗಾಲದಲ್ಲಿ ಸೇವಂತಿಗೆಯು ಸಾಯುವುದು ಬಹುತೇಕ ನೀರು ನಿಲ್ಲುವುದರಿಂದ. ಕುಂಡದ ತಳದ ರಂಧ್ರದ ಮೇಲೆ ಹೆಂಚಿನ ಚೂರು ಇಟ್ಟು, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸತಕ್ಕದ್ದು. ತಳದಲ್ಲಿ ತಟ್ಟೆ ಇಡುವ ಪದ್ಧತಿಯನ್ನು ಈ ನಾಲ್ಕು ತಿಂಗಳು ಕೈಬಿಡಬೇಕು. ಕರಾವಳಿ ಹಾಗೂ ಮಲೆನಾಡಿನವರು ಸೆಪ್ಟೆಂಬರ್‌ವರೆಗೆ ಕುಂಡಗಳನ್ನು ಸೂರಿನಡಿ, ಆದರೆ ಬೆಳಕು ಬೀಳುವಂತೆ ಇಡುವುದು ಅನಿವಾರ್ಯ. ಇಲ್ಲಿ ಬೇಕಾಗಿರುವುದು ಹಗಲಿನ ಬೆಳಕೆಂಬುದನ್ನು ಮರೆಯಬಾರದು.

ಚಿವುಟುವಿಕೆ ಮತ್ತು ಮೊಗ್ಗು ಬಿಡಿಸುವಿಕೆ

ಗಿಡದಲ್ಲಿ ಐದಾರು ಎಲೆಗಳು ಬಂದಾಗ ತುದಿಯನ್ನು ಬೆರಳಿನಿಂದ ಚಿವುಟಿ ತೆಗೆಯಬೇಕು. ಇದರಿಂದ ಪಕ್ಕದ ಕೊಂಬೆಗಳು ಹೊರಡುತ್ತವೆ. ಮೂರು ವಾರಗಳ ನಂತರ ಆ ಕೊಂಬೆಗಳ ತುದಿಗಳನ್ನೂ ಚಿವುಟಬೇಕು. ಬೆಳೆದ ಚಿಗುರನ್ನು ಮುರಿಯಲು ಹೊಸಬರಿಗೆ ಮನಸ್ಸು ಬಾರದಿರುವುದು ಸಹಜ. ಆದರೆ ಚಿವುಟದ ಗಿಡವು ಒಂದೆರಡು ಉದ್ದ ಕಡ್ಡಿಗಳಾಗಿ ಬೆಳೆದು ವಾಲುತ್ತದೆ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಹೂ ಬೇಕೆನ್ನುವವರು ಆಗಸ್ಟ್ ಅಂತ್ಯದ ಬಳಿಕ ಚಿವುಟಬಾರದು. ಲಾಲ್‌ಬಾಗ್‌ನ ಗಣರಾಜ್ಯೋತ್ಸವ ಫಲಪುಷ್ಪ ಪ್ರದರ್ಶನದ ವೇಳೆಗೆ, ಅಂದರೆ ಜನವರಿಯಲ್ಲಿ ಹೂ ಬಯಸುವವರು ಕೊನೆಯ ಚಿವುಟುವಿಕೆಯನ್ನು ಕೆಲವು ವಾರ ಮುಂದೂಡಬಹುದು. ತಳಿಯಿಂದ ತಳಿಗೆ ವ್ಯತ್ಯಾಸವಿರುವುದರಿಂದ ಮೊದಲ ವರ್ಷದ ದಿನಾಂಕಗಳನ್ನು ಗುರುತು ಹಾಕಿಕೊಂಡರೆ ಎರಡನೇ ವರ್ಷ ಲೆಕ್ಕ ಸರಿಹೊಂದುತ್ತದೆ.

ಸ್ನೋಬಾಲ್‌ನಂತಹ ದೊಡ್ಡ ಹೂವಿನ ತಳಿಗಳಲ್ಲಿ ಪ್ರತಿ ಕಾಂಡಕ್ಕೆ ತುದಿಯ ಒಂದು ಮೊಗ್ಗನ್ನು ಮಾತ್ರ ಉಳಿಸಿ, ಪಕ್ಕದ ಮೊಗ್ಗುಗಳನ್ನು ಬಟಾಣಿ ಗಾತ್ರವಾಗುವ ಮೊದಲೇ ತೆಗೆದುಹಾಕಿ, ಕಾಂಡಕ್ಕೆ ಬಿದಿರಿನ ಕಡ್ಡಿಯ ಆಸರೆ ಕೊಡಬೇಕಾಗುತ್ತದೆ. ಸಣ್ಣ ಹೂವಿನ ತಳಿಗಳಿಗೆ ಇದರ ಅಗತ್ಯವಿಲ್ಲ. ಲಖನೌನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯು ಚಿವುಟುವಿಕೆಯೂ ಆಸರೆಯೂ ಬೇಡದೆ ತಾನಾಗಿಯೇ ಗುಂಡಗೆ ಬೆಳೆಯುವ ಕುಂಡ ತಳಿಗಳನ್ನು ಅಭಿವೃದ್ಧಿಪಡಿಸಿದ್ದು, ಬಿಡುವಿಲ್ಲದವರು ಇಂತಹ ತಳಿಗಳನ್ನು ಆರಿಸಿಕೊಳ್ಳುವುದು ಸೂಕ್ತ.

ನೀರು ಮತ್ತು ಗೊಬ್ಬರ

ಮೇಲ್ಮಣ್ಣು ಒಣಗಿದಾಗ ಬೆಳಗಿನ ಹೊತ್ತು ಬುಡಕ್ಕೆ ನೀರು ಹಾಕಬೇಕು. ಎಲೆಗಳ ಮೇಲೆ ನೀರು ಸುರಿಯುವುದರಿಂದ ಎಲೆಚುಕ್ಕೆ ರೋಗ ಹರಡುತ್ತದೆ. ಕಡಲೆಕಾಯಿ ಹಿಂಡಿಯನ್ನು ನಾಲ್ಕೈದು ದಿನ ನೀರಿನಲ್ಲಿ ಕೊಳೆಸಿ, ಸೋಸಿ, ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹದಿನೈದು ದಿನಗಳಿಗೊಮ್ಮೆ ಕೊಡಬಹುದು. ವಾಸನೆಯ ದೃಷ್ಟಿಯಿಂದ ಅಪಾರ್ಟ್‌ಮೆಂಟ್ ನಿವಾಸಿಗಳಿಗೆ ಎರೆಹುಳು ಗೊಬ್ಬರವೇ ಲೇಸು. ಗೊಬ್ಬರದ ವಿಷಯದಲ್ಲಿ ಹೂಡಿಕೆ ಹೆಚ್ಚಿದಷ್ಟೂ ಲಾಭ ಹೆಚ್ಚುವುದಿಲ್ಲ. ಯೂರಿಯಾ ಅತಿಯಾದಲ್ಲಿ ಎಲೆ ಸೊಕ್ಕಿ ಮೊಗ್ಗು ತಡವಾಗುವುದಲ್ಲದೆ ಹೇನುಗಳೂ ಮುತ್ತುತ್ತವೆ. ಮೊಗ್ಗಿಗೆ ಬಣ್ಣ ಕಂಡ ದಿನದಿಂದ ಗೊಬ್ಬರವನ್ನು ನಿಲ್ಲಿಸಬೇಕು.

ಕೀಟ, ರೋಗ ಮತ್ತು ಮುನ್ನೆಚ್ಚರಿಕೆ

ಚಿಗುರಿಗೆ ಮುತ್ತುವ ಕಪ್ಪು ಹೇನುಗಳನ್ನು ಆರಂಭದಲ್ಲಿ ನೀರಿನ ರಭಸದಿಂದಲೇ ತೊಳೆದು ಹಾಕಬಹುದು. ಮುಂದುವರಿದಲ್ಲಿ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ವೇಳೆ ಎಲೆಗಳ ಅಡಿಭಾಗಕ್ಕೆ ಸಿಂಪಡಿಸಬೇಕು. ಕಂದು ಅಥವಾ ಕಪ್ಪು ಚುಕ್ಕೆಗಳಿರುವ ಕೆಳಗಿನ ಎಲೆಗಳನ್ನು ಕಿತ್ತು ನಾಶಪಡಿಸಬೇಕು. ಇವುಗಳನ್ನು ಗೊಬ್ಬರದ ಗುಂಡಿಗೆ ಹಾಕಬಾರದು.

ಹಳೆಯ ಕೈಪಿಡಿಗಳಲ್ಲಿ ಸೂಚಿಸಿರುವ ಕೀಟನಾಶಕಗಳನ್ನು ಅದೇ ಆಧಾರದ ಮೇಲೆ ಬಳಸಕೂಡದು. ಎಂಡೋಸಲ್ಫಾನ್ ಬಳಕೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಹಿಡಿದಿದೆ. ನುಸಿ ನಿಯಂತ್ರಣಕ್ಕೆ ಬಳಸಲಾಗುತ್ತಿದ್ದ ಡೈಕೋಫಾಲ್ ಅನ್ನು ಕೇಂದ್ರ ಸರ್ಕಾರವು 2023ರಲ್ಲಿ ನಿಷೇಧಿಸಿದೆ. ಮನೆಯ ಹತ್ತಿಪ್ಪತ್ತು ಕುಂಡಗಳಿಗೆ ಇಂತಹ ವಿಷದ ಅವಶ್ಯಕತೆ ಹಿಂದೆಯೂ ಇರಲಿಲ್ಲ.

ಸೇವಂತಿಗೆಯ ಎಲೆ ಹಾಗೂ ಕಾಂಡದ ರಸದಿಂದ ಕೆಲವರಿಗೆ ಚರ್ಮದ ತುರಿಕೆ ಉಂಟಾಗುವುದರಿಂದ ಕತ್ತರಿಸುವಾಗ ಕೈಗವಸು ಧರಿಸುವುದು ಉತ್ತಮ. ಈ ಸಸ್ಯವು ಬೆಕ್ಕು ಮತ್ತು ನಾಯಿಗಳಿಗೆ ವಿಷಕಾರಿ. ಎಲೆ ತಿಂದ ಪ್ರಾಣಿಯಲ್ಲಿ ವಾಂತಿ, ಜೊಲ್ಲು ಸುರಿಯುವಿಕೆ ಕಂಡುಬಂದಲ್ಲಿ ಪಶುವೈದ್ಯರನ್ನು ಸಂಪರ್ಕಿಸಬೇಕು.

ಸಸಿಗಳ ಖರೀದಿ ಮತ್ತು ತಾಂತ್ರಿಕ ಸಲಹೆ

ಹೂವಿನ ಕುಂಡವನ್ನು ಖರೀದಿಸುವಾಗ ಮೂರನೇ ಒಂದು ಭಾಗದಷ್ಟು ಮೊಗ್ಗುಗಳು ಅರಳಿರುವ ಗಿಡವನ್ನು ಆರಿಸಬೇಕು. ಪೂರ್ಣ ಅರಳಿದ್ದು ಬೇಗನೆ ಬಾಡುತ್ತದೆ. ಹಸಿರು ಮೊಗ್ಗುಗಳೇ ತುಂಬಿರುವ ಗಿಡವು ಮನೆಯೊಳಗಿನ ಮಂದ ಬೆಳಕಿನಲ್ಲಿ ಅರಳದೆ ಉಳಿಯುವ ಸಂಭವವಿರುತ್ತದೆ. ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಸಿಗಳ ಮಾರಾಟವು ದಾಸ್ತಾನಿಗೆ ಒಳಪಟ್ಟಿರುವುದರಿಂದ, ಸಾರ್ವಜನಿಕರು ಸೇವಂತಿಗೆಯ ಲಭ್ಯತೆಯನ್ನು ಮುಂಚಿತವಾಗಿ ವಿಚಾರಿಸಿ ಭೇಟಿ ನೀಡುವುದು ಸೂಕ್ತ.

ರೋಗ ಅಥವಾ ಕೀಟಬಾಧೆಯ ಬಗ್ಗೆ ಸಲಹೆ ಬಯಸುವವರು ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ರೋಗ ತಗುಲಿದ ಎಲೆಗಳ ಜೊತೆಗೆ ಒಂದೆರಡು ಆರೋಗ್ಯವಂತ ಎಲೆಗಳನ್ನೂ ಕಾಗದದ ಲಕೋಟೆಯಲ್ಲಿರಿಸಿ ತರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತಂದ ಎಲೆಗಳು ದಾರಿಯಲ್ಲೇ ಬೆವೆತು ಕೊಳೆಯುವುದರಿಂದ ರೋಗವನ್ನು ಗುರುತಿಸಲಾಗುವುದಿಲ್ಲ. ಗಿಡ ಹೂ ಬಿಡುತ್ತಿಲ್ಲವೆಂಬ ದೂರಿದ್ದಲ್ಲಿ ಎಲೆ ತರುವ ಅಗತ್ಯವಿಲ್ಲ. ಕುಂಡ ಇಟ್ಟಿರುವ ಸ್ಥಳದಲ್ಲಿ ರಾತ್ರಿ ಹತ್ತು ಗಂಟೆಗೆ ಯಾವ ಯಾವ ದೀಪಗಳ ಬೆಳಕು ಬೀಳುತ್ತದೆ ಎಂಬುದನ್ನು ನೋಡಿಕೊಂಡು ಬಂದರೆ ಸಾಕು.