ಸ್ವಿಚ್ಚಿನಿಂದ ಸಂಗೀತ: ಅಗ್ಗದ ಆಂಪ್ಲಿಫೈಯರ್ ಕಲಿಸುವ ಪಾಠ



ಹಳೆಯ ಮಾದರಿಯ ಆಂಪ್ಲಿಫೈಯರೊಂದು ಅರ್ಧ ಗಂಟೆ ಹಾಡಿದ ಮೇಲೆ ಅದರ ಹಿಂಬದಿಯ ಲೋಹದ ರೆಕ್ಕೆಗಳನ್ನು ಮುಟ್ಟಿ ನೋಡಿ. ಬೆಚ್ಚಗಿರುತ್ತದೆ, ಕೆಲವೊಮ್ಮೆ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಸಂಗೀತವಾಗಬೇಕಿದ್ದ ವಿದ್ಯುತ್ತಿನ ಒಂದು ಪಾಲು ಶಾಖವಾಗಿ ಸೋರಿಹೋಗುತ್ತಿದೆ ಎಂದು ಅದರ ಅರ್ಥ. ಈ ಸೋರಿಕೆಯನ್ನು ತಡೆಯಲು ಎಂಜಿನಿಯರುಗಳು ಅರ್ಧ ಶತಮಾನ ಪ್ರಯತ್ನಪಟ್ಟರು. ಇಂದು 'ಡಿಜಿಟಲ್ ಆಂಪ್ಲಿಫೈಯರ್' ಎಂದು ಕರೆಯಲಾಗುವ ಪುಟ್ಟ ಪೆಟ್ಟಿಗೆ ಆ ಪ್ರಯತ್ನದ ಫಲ. ಅಂಥದೊಂದು ಅಗ್ಗದ ಪೆಟ್ಟಿಗೆಯನ್ನು ಕೊಂಡು, ಬಿಚ್ಚಿ, ಬಿಡಿಭಾಗಗಳನ್ನು ಬದಲಿಸಿ, ಈಗ ಇನ್ನೂ ಒಳ್ಳೆಯದನ್ನು ಕೊಳ್ಳಬೇಕೆ ಎಂದು ಯೋಚಿಸುತ್ತಿರುವವರು ನಿಮ್ಮಲ್ಲೂ ಇರಬಹುದು. ಹಣ ತೆರುವ ಮುನ್ನ ಈ ಇತಿಹಾಸವನ್ನು ತಿಳಿಯುವುದು ಲೇಸು.

ಅರ್ಧ ತೆರೆದ ನಲ್ಲಿ

ಸಾಮಾನ್ಯ ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರು ಅರ್ಧ ತೆರೆದ ನಲ್ಲಿಯಂತೆ ಕೆಲಸ ಮಾಡುತ್ತದೆ. ಒಳಬರುವ ಸಂಕೇತಕ್ಕೆ ತಕ್ಕಂತೆ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆಗ ಅದರ ಮೂಲಕ ಪ್ರವಾಹವೂ ಹರಿಯುತ್ತದೆ, ಅದರ ಎರಡು ತುದಿಗಳ ನಡುವೆ ವೋಲ್ಟೇಜೂ ಇರುತ್ತದೆ. ಎರಡನ್ನೂ ಗುಣಿಸಿದರೆ ಬರುವ ವ್ಯಾಟುಗಳೇ ಶಾಖ. ಕ್ಲಾಸ್-ಎ ವಿಧಾನದ ದಕ್ಷತೆ ಸಿದ್ಧಾಂತದಲ್ಲೇ ಶೇಕಡ 50ನ್ನು ದಾಟದು. ಕ್ಲಾಸ್-ಬಿ ಗರಿಷ್ಠ ಮಟ್ಟದಲ್ಲಿ ಶೇಕಡ 78.5ರವರೆಗೆ ಹೋಗಬಲ್ಲದು; ಆದರೆ ನಾವು ದಿನನಿತ್ಯ ಕೇಳುವ ಸಣ್ಣ ಧ್ವನಿಯಲ್ಲಿ ಅದೂ ಬಹಳ ಇಳಿಯುತ್ತದೆ.

ಟ್ರಾನ್ಸಿಸ್ಟರನ್ನು ನಲ್ಲಿಯ ಬದಲು ಸ್ವಿಚ್ಚಾಗಿ ಬಳಸಿದರೆ? ಸ್ವಿಚ್ಚು ಪೂರ್ತಿ ಹಾಕಿದಾಗ ಪ್ರವಾಹವಿದೆ, ಅದರ ತುದಿಗಳ ನಡುವೆ ವೋಲ್ಟೇಜ್ ಇಲ್ಲ. ಪೂರ್ತಿ ಆರಿಸಿದಾಗ ವೋಲ್ಟೇಜ್ ಇದೆ, ಪ್ರವಾಹವಿಲ್ಲ. ಯಾವುದನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ. ಹಾಗಾಗಿ ಆದರ್ಶ ಸ್ವಿಚ್ಚಿನಲ್ಲಿ ಶಾಖವೇ ಹುಟ್ಟದು.

ಆದರೆ ಹಾಕಿ ಆರಿಸುವುದರಿಂದ ಹಾಡು ಹೇಗೆ ಬಂದೀತು? ಸೆಕೆಂಡಿಗೆ ಹಲವು ಲಕ್ಷ ಬಾರಿ ಸ್ವಿಚ್ ಮಾಡಬೇಕು. ಸಂಕೇತ ಏರಿದಾಗ ಸ್ವಿಚ್ಚು ಹಾಕಿರುವ ಅವಧಿ ಉದ್ದ, ಇಳಿದಾಗ ಗಿಡ್ಡ. ಕೊನೆಯಲ್ಲಿ ಒಂದು ತಂತಿಸುರುಳಿ ಮತ್ತು ಒಂದು ಕೆಪಾಸಿಟರಿನ ಫಿಲ್ಟರು ಈ ಮಿಡಿತಗಳನ್ನೆಲ್ಲ ಸರಾಸರಿ ಮಾಡಿ ಮೂಲ ಅಲೆಯನ್ನು ಮರಳಿ ಕೊಡುತ್ತದೆ. ಇದೇ ಕ್ಲಾಸ್-ಡಿ. ಇಲ್ಲಿಯ 'ಡಿ' ಡಿಜಿಟಲ್ ಅಲ್ಲ ಎಂಬುದನ್ನು ಗಮನಿಸಿ. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ, ಅಷ್ಟೆ. ಮಿಡಿತದ ಅಗಲ ಎಷ್ಟು ಬೇಕಾದರೂ ಇರಬಹುದಾದ್ದರಿಂದ ಈ ವಿಧಾನ ಮೂಲತಃ ಅನಲಾಗ್ ಜಾತಿಯದೇ.

ಭಾಗಗಳಿಗಾಗಿ ಕಾದ ವಿಚಾರ

ಈ ವಿಚಾರ ಹೊಸದಲ್ಲ. 1930ರ ದಶಕದ ಕೊನೆಯಲ್ಲಿ ಧ್ವನಿಯನ್ನು ಅಂಕಿಗಳಾಗಿ ಕಳುಹಿಸುವ ಪಲ್ಸ್ ಕೋಡ್ ಮಾಡ್ಯುಲೇಷನ್ ವಿಧಾನವನ್ನು ರೂಪಿಸಿದ ಬ್ರಿಟನ್ನಿನ ಅಲೆಕ್ ರೀವ್ಸ್ ಅವರೇ 1950ರ ದಶಕದಲ್ಲಿ ಸ್ವಿಚಿಂಗ್ ಆಂಪ್ಲಿಫೈಯರನ್ನೂ ಕಲ್ಪಿಸಿದರೆಂದು ಹೇಳಲಾಗುತ್ತದೆ. 1964ರಲ್ಲಿ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಎಕ್ಸ್-10 ಎಂಬ ಕಿಟ್ಟನ್ನು ಮಾರಿತು. ಹೆಸರಿನಲ್ಲಿ ಹತ್ತಿದ್ದರೂ ಅದು ಕೊಡುತ್ತಿದ್ದುದು ಸುಮಾರು 2.5 ವ್ಯಾಟ್. 1966ರಲ್ಲಿ ಬಂದ ಎಕ್ಸ್-20 ಕೂಡ ಅಂದಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಮಿತಿಯಿಂದ ಸೊರಗಿತು. ವಿಚಾರದಲ್ಲಿ ದೋಷವಿರಲಿಲ್ಲ, ಬೇಕಾದಷ್ಟು ಚುರುಕಾಗಿ ಸ್ವಿಚ್ ಮಾಡಬಲ್ಲ ಭಾಗಗಳು ಇನ್ನೂ ಹುಟ್ಟಿರಲಿಲ್ಲ. 1970ರ ದಶಕದ ಕೊನೆಯಲ್ಲಿ ಹೆಚ್ಚು ಪ್ರವಾಹ ತಾಳಬಲ್ಲ ಪವರ್ ಮಾಸ್‌ಫೆಟ್‌ಗಳು ಮಾರುಕಟ್ಟೆಗೆ ಬಂದ ಮೇಲೆ ದಾರಿ ತೆರೆಯಿತು.

ಮುಂದಿನ ಘಟ್ಟ ಅಮೆರಿಕದ ಕ್ಯಾಲಿಫೋರ್ನಿಯದ್ದು. 1995ರಲ್ಲಿ ಆದ್ಯ ತ್ರಿಪಾಠಿ ಅವರು ಅಲ್ಲಿ ಟ್ರೈಪಾತ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಸ್ವಿಚ್ಚಿನ ತಪ್ಪುಗಳನ್ನು ಅಳೆದು ಆಗಿಂದಾಗ್ಗೆ ತಿದ್ದುವ ಮಂಡಲವನ್ನು ಅವರು ಚಿಪ್ಪಿನೊಳಗೇ ಅಡಕಮಾಡಿ, ಅದಕ್ಕೆ 'ಕ್ಲಾಸ್-ಟಿ' ಎಂಬ ವ್ಯಾಪಾರಿ ಹೆಸರಿಟ್ಟರು. ಜಗತ್ತನ್ನು ಬದಲಿಸಿದ 25 ಚಿಪ್ಪುಗಳೆಂದು 2009ರಲ್ಲಿ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಮಾಡಿದ ಪಟ್ಟಿಯಲ್ಲಿ ಟ್ರೈಪಾತ್‌ನ ಟಿಎ2020 ಕೂಡ ಇತ್ತು.

ಅದರ ತಮ್ಮನಂತಿದ್ದ ಟಿಎ2024 ಚಿಪ್ಪನ್ನು ಬಳಸಿ ಸಾನಿಕ್ ಇಂಪ್ಯಾಕ್ಟ್ ಕಂಪನಿ 'ಟಿ-ಆಂಪ್' ಎಂಬ ಪ್ಲಾಸ್ಟಿಕ್ ಪೆಟ್ಟಿಗೆಯನ್ನು 40 ಡಾಲರಿಗೂ ಕಡಿಮೆ ಬೆಲೆಗೆ ಮಾರಿತು. ಎಂಟು ಪೆನ್‌ಸೈಜ್ ಸೆಲ್ಲುಗಳಿಂದ ನಡೆಯುವ ಆಟಿಕೆಯಂಥ ವಸ್ತು. 2005ರ ಹೊತ್ತಿಗೆ ಆಡಿಯೋ ವಿಮರ್ಶಕರು ಅದನ್ನು ಹತ್ತಾರು ಪಟ್ಟು ಬೆಲೆಯ ಯಂತ್ರಗಳೊಡನೆ ಹೋಲಿಸಿ ಹೊಗಳತೊಡಗಿದಾಗ ಹವ್ಯಾಸಿಗಳು ಬೆಸುಗೆಕೋಲು ಹಿಡಿದು ಕುಳಿತರು.

ಬೆಸುಗೆಕೋಲು ತಲುಪುವಷ್ಟು ದೂರ

ಅವರು ಬದಲಿಸಿದ್ದೇನು? ಮೊದಲನೆಯದು, ಒಳಬರುವ ದಾರಿಯ ಕೆಪಾಸಿಟರು. ಇದು ವ್ಯರ್ಥ ಕೆಲಸವಾಗಿರಲಿಲ್ಲ. ನಿಮ್ಮ ಪಠ್ಯಪುಸ್ತಕದ ಸೂತ್ರದಿಂದಲೇ ಲೆಕ್ಕ ಹಾಕಿ. 20 ಕಿಲೋಓಂ ರೋಧಕದೊಡನೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಕುಗ್ಗತೊಡಗುತ್ತದೆ. ಮೃದಂಗದ ಎಡಭಾಗದ ಗುಂಕಾರ ಸೊರಗುತ್ತದೆ. ಅದೇ ಜಾಗದಲ್ಲಿ 2.2 ಮೈಕ್ರೋಫ್ಯಾರಡ್ ಇಟ್ಟರೆ ಆ ಗಡಿ 4 ಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ. ಕೆಲವೇ ರೂಪಾಯಿಯ ಭಾಗ, ಕಿವಿಗೆ ಗೊತ್ತಾಗುವ ವ್ಯತ್ಯಾಸ. ಎರಡನೆಯದು, ಸೆಲ್ಲುಗಳ ಬದಲು ಸಾಕಷ್ಟು ಪ್ರವಾಹ ಕೊಡಬಲ್ಲ 12 ವೋಲ್ಟ್ ಸರಬರಾಜು. ಇದೂ ನ್ಯಾಯವಾದದ್ದೇ. ಮೂರನೆಯದು, ಎಡ ಬಲ ಸಮವಾಗಿ ಏರದ ಅಗ್ಗದ ವಾಲ್ಯೂಮ್ ಗುಂಡಿ.

ಆದರೆ ಮೂರು ಮಿತಿಗಳನ್ನು ಬೆಸುಗೆಕೋಲು ಮುಟ್ಟಲಾರದು. ಮೊದಲನೆಯದು ಶಕ್ತಿ. ಈ ಚಿಪ್ಪಿನ 15 ವ್ಯಾಟ್ ಎಂಬ ಅಂಕಿ 4 ಓಂ ಸ್ಪೀಕರಿಗೆ, ಅದೂ ಶೇಕಡ 10 ವಿರೂಪವನ್ನು ಸಹಿಸಿಕೊಂಡರೆ. 8 ಓಂ ಸ್ಪೀಕರಿನಲ್ಲಿ ಶುದ್ಧವಾಗಿ ಸಿಗುವುದು ಸುಮಾರು 6 ವ್ಯಾಟ್. ಎರಡನೆಯದು ಫಿಲ್ಟರು. 4 ಓಂಗೆ ಲೆಕ್ಕಹಾಕಿದ ಫಿಲ್ಟರಿಗೆ 8 ಓಂ ಸ್ಪೀಕರ್ ಜೋಡಿಸಿದರೆ ತಾರಸ್ಥಾಯಿಯ ತುದಿಯಲ್ಲಿ ಧ್ವನಿ ಉಬ್ಬುತ್ತದೆ. ಅಂದರೆ ಆಂಪ್ಲಿಫೈಯರಿನ ಗುಣ ಸ್ಪೀಕರಿನ ಮರ್ಜಿಗೆ ಬಿದ್ದಿದೆ. ಸುರುಳಿಗಳನ್ನು ಬದಲಿಸಿದರೆ ಒಂದು ಸ್ಪೀಕರಿಗೆ ಸರಿಯಾದೀತು, ಇನ್ನೊಂದಕ್ಕೆ ಮತ್ತೆ ತಪ್ಪೀತು. ಮೂರನೆಯದು ಇದಕ್ಕೆ ಮೂಲಕಾರಣ. ಚಿಪ್ಪು ತನ್ನ ತಪ್ಪನ್ನು ತಿದ್ದಿಕೊಳ್ಳುವುದು ಫಿಲ್ಟರಿಗೆ ಮುಂಚೆ. ಫಿಲ್ಟರಿನಲ್ಲಿ ಆದ ತಪ್ಪು ಅದಕ್ಕೆ ಕಾಣುವುದೇ ಇಲ್ಲ.

ಹೊರಬಂದ ಸಂಕೇತದ ಒಂದಂಶವನ್ನು ಹಿಂದಕ್ಕೆ ತಂದು, ಒಳಬಂದದ್ದರೊಡನೆ ಹೋಲಿಸಿ, ತಪ್ಪು ತಿದ್ದುವ ಈ ಉಪಾಯಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. 1927ರ ಆಗಸ್ಟ್ 2ರಂದು ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ದೋಣಿಯಲ್ಲಿ ಹಡ್ಸನ್ ನದಿ ದಾಟುತ್ತ, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೆ ಇದನ್ನು ಗೀಚಿಕೊಂಡರು. ಸ್ವಿಚಿಂಗ್ ಆಂಪ್ಲಿಫೈಯರಿನಲ್ಲಿ ಫಿಲ್ಟರನ್ನೂ ಈ ವರ್ತುಲದೊಳಗೆ ತರುವುದು ಕಷ್ಟ. ಫಿಲ್ಟರು ಸಂಕೇತವನ್ನು ತಡಮಾಡಿಸುತ್ತದೆ. ತಡವಾಗಿ ಬಂದ ತಿದ್ದುಪಡಿ ತಪ್ಪನ್ನು ಇಳಿಸುವ ಬದಲು ಏರಿಸಿ ಮಂಡಲವನ್ನೇ ಓಲಾಡಿಸಬಹುದು. ಬೆಲ್ಜಿಯಮ್ಮಿನ ಬ್ರೂನೋ ಪುಟ್ಜೀಸ್ 2000ರ ದಶಕದ ಆರಂಭದಲ್ಲಿ ಫಿಲಿಪ್ಸ್ ಸಂಸ್ಥೆಯಲ್ಲಿದ್ದಾಗ ಆ ಓಲಾಟವನ್ನೇ ಸ್ವಿಚಿಂಗ್‌ನ ತಾಳವಾಗಿ ಬಳಸಿಕೊಂಡರು. ಯುಸಿಡಿ ಎಂಬ ಅವರ ಮಂಡಲದಲ್ಲಿ ಫೀಡ್‌ಬ್ಯಾಕನ್ನು ಫಿಲ್ಟರಿನ ನಂತರದಿಂದಲೇ ತೆಗೆದುಕೊಳ್ಳಲಾಯಿತು. ಸ್ಪೀಕರ್ ಯಾವುದಾದರೂ ಸ್ವರ ಹೆಚ್ಚು ಕಡಿಮೆ ಬದಲಾಗದು.

ಟ್ರೈಪಾತ್ ಕಂಪನಿ 2007ರಲ್ಲಿ ದಿವಾಳಿತನದ ಅರ್ಜಿ ಹಾಕಿತು. ಅದು ತೆರೆದ ದಾರಿ ಮಾತ್ರ ಮುಚ್ಚಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255ರಂಥ ಚಿಪ್ಪುಗಳಿಗೆ ಫಿಲ್ಟರಿನ ನಂತರದ ಫೀಡ್‌ಬ್ಯಾಕನ್ನು ಹೊರಗಿನಿಂದಲೂ ಅಳವಡಿಸಬಹುದು.

ನೀವು ಏನು ಮಾಡಬೇಕು?

ನಮ್ಮ ಸ್ಟುಡಿಯೋಗಳಲ್ಲಿ ಧ್ವನಿ ಕೆಟ್ಟರೆ ಮೊದಲು ಯಂತ್ರ ಬದಲಿಸುವುದಿಲ್ಲ. ಮೈಕಿನಿಂದ ಸ್ಪೀಕರಿನವರೆಗೆ ಸಂಕೇತ ಸಾಗುವ ದಾರಿಯಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತೇವೆ. ನೀವೂ ಹಾಗೇ ಮಾಡಿ. ಜೋರಾದಾಗ ಮಾತ್ರ ಧ್ವನಿ ಒಡೆಯುತ್ತದೆಯೇ? ಹಾಗಾದರೆ ಶಕ್ತಿ ಸಾಲದು. ಆದರೆ ಸ್ಪೀಕರಿನ ಸಂವೇದನೆಯನ್ನೂ ನೋಡಿ. ಒಂದು ವ್ಯಾಟಿಗೆ 92 ಡೆಸಿಬೆಲ್ ಕೊಡುವ ಸ್ಪೀಕರು 6 ವ್ಯಾಟಿನಲ್ಲಿ ಮಾಡುವಷ್ಟು ಸದ್ದನ್ನು 86 ಡೆಸಿಬೆಲ್ ಸ್ಪೀಕರು ಮಾಡಬೇಕಾದರೆ 24 ವ್ಯಾಟ್ ಬೇಕು. ತಾರಸ್ಥಾಯಿ ಕಿವಿಗೆ ಚುಚ್ಚುತ್ತದೆಯೇ? ಫಿಲ್ಟರು ಮತ್ತು ಸ್ಪೀಕರು ಹೊಂದುತ್ತಿಲ್ಲದಿರಬಹುದು. ಫಿಲ್ಟರಿನ ನಂತರ ಫೀಡ್‌ಬ್ಯಾಕ್ ಇರುವ ಯಂತ್ರ ಇಂಥಲ್ಲಿ ನಿಜವಾದ ಮೇಲ್ದರ್ಜೆ. ಈ ಯಾವ ದೂರೂ ಇಲ್ಲವೇ? ಹಣವನ್ನು ಸ್ಪೀಕರಿಗೆ ಉಳಿಸಿ.

ಒಂದು ಎಚ್ಚರಿಕೆ. ಮನೆಯ 230 ವೋಲ್ಟ್‌ಗೆ ನೇರ ಜೋಡಿಸಿದ ಪೆಟ್ಟಿಗೆಯನ್ನು ಬಿಚ್ಚಬೇಡಿ; ಪ್ರಯೋಗಗಳೆಲ್ಲ 12 ವೋಲ್ಟಿನಲ್ಲಿ ನಡೆಯಲಿ. ಈ ಜಾತಿಯ ಚಿಪ್ಪುಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲೂ ಸಂಕೇತವಿರುವುದರಿಂದ ಯಾವುದನ್ನೂ ನೆಲತಂತಿಗೆ ತಾಗಿಸಬೇಡಿ.

ಕೊನೆಗೆ ಒಂದು ಪ್ರಯೋಗ. ಹಳೆಯದು, ಹೊಸದು ಎರಡನ್ನೂ ಒಂದೇ ಮಟ್ಟದ ಧ್ವನಿಗೆ ಹೊಂದಿಸಿ. ತುಸು ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಗೆಳೆಯರೊಬ್ಬರು ನಿಮಗೆ ಕಾಣದಂತೆ, ಪ್ರತಿ ಸಲವೂ ನಾಣ್ಯ ಚಿಮ್ಮಿ, ಬಂದುದಕ್ಕೆ ತಕ್ಕಂತೆ ಎರಡರಲ್ಲೊಂದನ್ನು ಜೋಡಿಸಲಿ. ಹತ್ತು ಸಲ ಕೇಳಿ, ಯಾವುದೆಂದು ಬರೆಯಿರಿ. ಬರೀ ಊಹೆಯಿಂದ ಒಂಬತ್ತೋ ಹತ್ತೋ ಸರಿಯಾಗುವ ಸಂಭವ 1,024ರಲ್ಲಿ 11, ಅಂದರೆ ಶೇಕಡ ಒಂದರಷ್ಟು. ಅಷ್ಟು ಸರಿಯಾದರೆ ನಿಮ್ಮ ಕಿವಿ ನಿಜವಾದ ವ್ಯತ್ಯಾಸವನ್ನೇ ಕೇಳುತ್ತಿದೆ ಎಂದು ನಂಬಬಹುದು. ಐದಾರು ಮಾತ್ರ ಸರಿಯಾದರೆ ಹಳೆಯ ಪೆಟ್ಟಿಗೆಯೇ ಇರಲಿ. ಉಳಿದ ಹಣದಲ್ಲಿ ಒಂದೆರಡು ಕಚೇರಿ ಕೇಳಿ ಬನ್ನಿ.